ಮಗಳಿಗೊಂದು ಪತ್ರ: ಬಿಟ್ಟು ಬರುವ ದಾರಿ

ಪುಟ್ಟಿ,

ಎರಡು ಕಂಪನಿಯ ಆಫರ್ ಲೆಟರ್ ಕಳಿಸಿ, ಯಾವುದು ಒಳ್ಳೇದಮ್ಮಾ ಅಂತ ಕೇಳಿದ್ದೀಯ. ಸಂಬಳ ಎಷ್ಟು ಅಂತ ನಾನು ಆಮೇಲೆ ನೋಡಿದೆ. ಮೊದಲು ಓದಿದ್ದು ಕೊನೆಯ ಪುಟಗಳನ್ನು. ಸಾಕಪ್ಪಾ ಅನ್ನಿಸಿದ ದಿನ ನೀನು ಏನು ಕೈಯಲ್ಲಿ ಹಿಡಿದು ಬರಬಹುದು, ಏನನ್ನು ಅಲ್ಲೇ ಬಿಡಬೇಕು ಅನ್ನುವುದು ಅಲ್ಲಿ ಇರುತ್ತದೆ. ಇಷ್ಟು ವರ್ಷ ಕೋಡ್ ಬರೆದು ನನಗೆ ಅಂಟಿಕೊಂಡ ಚಟ ಇದು. ಟೂಲ್ ಆಗಲಿ, ಕೆಲಸ ಆಗಲಿ, ಮನೆ ಆಗಲಿ, ಒಳಗೆ ಹೋಗುವ ಮುಂಚೆ ಹೊರಗೆ ಬರುವ ದಾರಿ ಎಲ್ಲಿದೆ ಅಂತ ನೋಡುತ್ತೇನೆ. ನಿಮ್ಮಪ್ಪ ಇದನ್ನು ಅಪಶಕುನ ಅಂತಾರೆ. ಅನ್ನಲಿ ಬಿಡು.

ಕೋಡಿನಲ್ಲಿ ಯಾರು ಯಾವಾಗ ಏನು ಬದಲಿಸಿದರು ಅಂತ ದಾಖಲಿಡೋಕೆ ನೀನು ದಿನಾ ಬಳಸುವ ಗಿಟ್ ಹುಟ್ಟಿದ್ದೇ ಇಂಥ ದಾರಿ ಮುಚ್ಚಿಹೋದಾಗ. 2002ರಿಂದ ಲಿನಕ್ಸ್ ಆಪರೇಟಿಂಗ್ ಸಿಸ್ಟಮ್‌ನ ತಿರುಳಾದ ಕರ್ನಲ್‌ನ ಕೆಲಸಕ್ಕೆ, ಒಂದು ಕಂಪನಿಗೆ ಸೇರಿದ ಬಿಟ್‌ಕೀಪರ್ ಅನ್ನುವ ಇಂಥದೇ ಟೂಲ್ ಬಳಸುತ್ತಿದ್ದರು. ಪುಕ್ಕಟೆ ಸಿಗುತ್ತಿತ್ತು, ಕೆಲಸವೂ ಚೆನ್ನಾಗಿತ್ತು. ಷರತ್ತು ಒಂದೇ: ಪುಕ್ಕಟೆ ಬಳಸುವವರು ಅದಕ್ಕೆ ಪೈಪೋಟಿಯಾಗುವ ಟೂಲ್ ಕಟ್ಟುವ ಹಾಗಿರಲಿಲ್ಲ. 2005ರಲ್ಲಿ ಜಗಳವಾಯಿತು, ಕಂಪನಿ ಪುಕ್ಕಟೆ ಬಳಕೆಯನ್ನೇ ನಿಲ್ಲಿಸಿತು. ಆ ಏಪ್ರಿಲ್‌ನಲ್ಲಿ, ಲಿನಕ್ಸ್ ಶುರು ಮಾಡಿದ ಲಿನಸ್ ಟೊರ್ವಾಲ್ಡ್ಸ್ ಕೂತು ಗಿಟ್ ಬರೆಯೋಕೆ ಶುರು ಮಾಡಿದರು, ಕೆಲವೇ ದಿನದಲ್ಲಿ ಗಿಟ್‌ನ ಕೋಡನ್ನು ಗಿಟ್‌ನಲ್ಲೇ ಇಡುವಷ್ಟು ಆಯಿತು, ಜೂನ್‌ನಲ್ಲಿ ಕರ್ನಲ್‌ನ 2.6.12 ಆವೃತ್ತಿ ಅದರ ಮೂಲಕವೇ ಹೊರಗೆ ಬಂತು. ಜನ ಇದನ್ನು ಜಾಣತನದ ಕಥೆಯಾಗಿ ಹೇಳುತ್ತಾರೆ. ನನಗೆ ಇದು ಸಿಕ್ಕಿಹಾಕಿಕೊಂಡವರ ಕಥೆ. ಟೊರ್ವಾಲ್ಡ್ಸ್ ಅಂಥವರಾದರೆ ಹೊಸ ದಾರಿ ತಾವೇ ಕಡಿದುಕೊಳ್ಳುತ್ತಾರೆ, ನಾವು ನೀವು ಏನು ಮಾಡಬೇಕು? ಅಂದಹಾಗೆ ಆ ಬಿಟ್‌ಕೀಪರ್ ಕೋಡನ್ನು 2016ರಲ್ಲಿ ಎಲ್ಲರಿಗೂ ತೆರೆದಿಟ್ಟರು. ಅಷ್ಟರಲ್ಲಿ ಎಲ್ಲಿ ನೋಡಿದರೂ ಗಿಟ್ಟೇ ಇತ್ತು.

ಹಾಗಾಗಿ ಹೊಸ ಟೂಲ್ ಸಿಕ್ಕಿದ ದಿನವೇ ಒಂದು ಸಲ ಎಕ್ಸ್‌ಪೋರ್ಟ್ ಮಾಡಿ ನೋಡು. ಹೊರಗೆ ಬಂದ ಫೈಲನ್ನು ಬೇರೆ ಯಾವುದಾದರೂ ಓದುತ್ತದಾ? ನಿನ್ನ ಟಿಪ್ಪಣಿಗಳನ್ನು ಸಾದಾ ಟೆಕ್ಸ್ಟ್ ಫೈಲ್‌ನಲ್ಲೇ ಇಡು. ಕೋಡ್ ಬರೆಯುವ ಎಡಿಟರ್ ಯಾವುದಾದರೂ ಆಗಲಿ, ಯಾವುದು ಮೇಲು ಅನ್ನುವ ಜಗಳಕ್ಕೆ ಹೋಗಬೇಡ. ಇನ್ನೊಂದು ಮಾತು, ಇದನ್ನು ಹೊಸಬರು ಗಮನಿಸುವುದಿಲ್ಲ. ಗಿಟ್‌ನಲ್ಲಿ ಕ್ಲೋನ್ ಮಾಡಿದರೆ, ಅಂದರೆ ಪೂರ್ತಿ ನಕಲು ಇಳಿಸಿಕೊಂಡರೆ, ಕೋಡ್‌ನ ಇತಿಹಾಸ ಬರುತ್ತದೆ, ಆದರೆ ಅದರ ಸುತ್ತ ನಡೆದ ಚರ್ಚೆ, ರಿವ್ಯೂ, ವಾದ ಎಲ್ಲ ಆ ಕೋಡನ್ನು ಇಟ್ಟುಕೊಂಡಿರುವ ಹೋಸ್ಟಿಂಗ್ ಕಂಪನಿಯ ಸರ್ವರ್‌ನಲ್ಲೇ ಉಳಿಯುತ್ತದೆ. ಆದ್ದರಿಂದ ಒಂದು ಸಾಲು ಯಾಕೆ ಹಾಗೆ ಬರೆದೆ ಅನ್ನುವುದನ್ನು ಬದಲಾವಣೆಯ ಜೊತೆ ಬರೆಯುವ ಕಮಿಟ್ ಮೆಸೇಜ್‌ನಲ್ಲೇ ಹಾಕು. ಸುಮ್ನೆ "ಫಿಕ್ಸ್" ಅಂತ ಬರೆಯುವವರನ್ನು ಕಂಡರೆ ನನಗೆ ಈಗಲೂ ಸಿಟ್ಟು ಬರುತ್ತದೆ.

ಎಐ ಬಗ್ಗೆ ಜಾಸ್ತಿ ಹೇಳಲ್ಲ. ಬಳಸು. ಆದರೆ ರಾತ್ರಿ ಎರಡು ಗಂಟೆಗೆ ಸರ್ವರ್ ಬಿದ್ದು ಫೋನ್ ಬಂದರೆ ಆ ಸಾಲುಗಳನ್ನು ನೀನೇ ಬಿಡಿಸಿ ಹೇಳಬೇಕು, ಅಷ್ಟು ಅರ್ಥವಾಗದ್ದನ್ನು ಮುಖ್ಯ ಕೋಡಿಗೆ ಮರ್ಜ್ ಮಾಡಬೇಡ.

ಈಗ ಒಪ್ಪಂದಕ್ಕೆ ಬರುತ್ತೇನೆ. ಕೆಲಸದ ಭಾಗವಾಗಿ ಬರೆದ ಕೋಡ್ ಕಂಪನಿಗೆ ಸೇರುತ್ತದೆ, ಹೆಚ್ಚಿನ ದೇಶಗಳ ಕಾನೂನು ಹೀಗೇ ಇದೆ, ಅದರಲ್ಲಿ ತಕರಾರಿಲ್ಲ. ಸಂಬಳ ಕೊಟ್ಟಿದ್ದಾರಲ್ವಾ. ಆದರೆ ಆ ಎರಡನೇ ಕಂಪನಿಯ ಕಾಗದದಲ್ಲಿ, ನೀನು ಅಲ್ಲಿರುವಷ್ಟು ದಿನ ಯಾವ ಹೊತ್ತಿನಲ್ಲಿ, ಯಾವ ಕಂಪ್ಯೂಟರ್‌ನಲ್ಲಿ, ಯಾವ ವಿಷಯದ ಬಗ್ಗೆ ಏನೇ ಮಾಡಿದರೂ ಅದು ಅವರದ್ದು ಅಂತ ಬರೆದಿದೆ. ರಜೆಯಲ್ಲಿ ನೀನು ಬರೆಯುತ್ತಿರುವ ಆ ಚಿಕ್ಕ ಆಟವೂ ಅದರೊಳಗೆ ಬಂತು! "ಕಂಪನಿಯ ವ್ಯವಹಾರಕ್ಕೆ ಸಂಬಂಧಪಟ್ಟ" ಅಂತ ಸೇರಿಸಲು ಕೇಳು. ಈಗಾಗಲೇ ನಿನ್ನದಾಗಿರುವ ಕೆಲಸಗಳ ಪಟ್ಟಿಯನ್ನು ಒಪ್ಪಂದಕ್ಕೆ ಲಗತ್ತಿಸು. ಕೇಳಿದ್ದಕ್ಕೇ ಮುಖ ಕೆಡಿಸಿಕೊಂಡರೆ, ಮುಂದೆ ಅವರು ಹೇಗಿರುತ್ತಾರೆ ಅಂತ ಅಲ್ಲೇ ಗೊತ್ತಾಯಿತು.

ಬಿಟ್ಟ ಮೇಲೆ ಒಂದು ವರ್ಷ ಪೈಪೋಟಿ ಕಂಪನಿಗೆ ಸೇರಬಾರದು ಅಂತಲೂ ಇದೆ. ಇದು ಊರೂರಿಗೆ ಬೇರೆ. ಭಾರತದ 1872ರ ಕಾಂಟ್ರ್ಯಾಕ್ಟ್ ಕಾಯ್ದೆಯ 27ನೇ ಸೆಕ್ಷನ್ ಪ್ರಕಾರ ಕೆಲಸ ಬಿಟ್ಟ ಮೇಲಿನ ಇಂಥ ಷರತ್ತು ನಿಲ್ಲುವುದಿಲ್ಲ. ಕ್ಯಾಲಿಫೋರ್ನಿಯಾದಲ್ಲೂ ಹಾಗೇ, ಅಲ್ಲಿನ ನಿಯಮವೂ 1872ರದ್ದೇ, ವಿಚಿತ್ರ ನೋಡು. ಇಂಗ್ಲೆಂಡ್‌ನಲ್ಲಿ ಹಾಗಲ್ಲ, ಷರತ್ತು ಮಿತಿಯೊಳಗಿದ್ದರೆ ಕೋರ್ಟ್ ಒಪ್ಪುತ್ತದೆ. ನಿಲ್ಲದ ಷರತ್ತನ್ನು ಮತ್ತೆ ಯಾಕೆ ಬರೆಯುತ್ತಾರೆ? ಹೆದರಿಸೋಕೆ. ಬಹಳ ಜನ ಹೆದರಿಯೇ ಉಳಿದುಬಿಡುತ್ತಾರೆ. ಹಾಗಂತ ಬಿಡುವಾಗ ಕಂಪನಿಯ ಕೋಡನ್ನೋ ಗ್ರಾಹಕರ ಡೇಟಾವನ್ನೋ ಪೆನ್‌ಡ್ರೈವ್‌ಗೆ ಹಾಕಿಕೊಂಡು ಬಂದೀಯ ಜೋಕೆ, ಅದು ಬೇರೆಯೇ ಕೇಸು.

ಲೈಸೆನ್ಸ್ ಇಲ್ಲದ ಕೋಡ್ ಕಣ್ಣೆದುರಿಗೆ ತೆರೆದುಕೊಂಡಿದ್ದರೂ ಎತ್ತಿಕೊಳ್ಳಬೇಡ. ಲೈಸೆನ್ಸ್ ಇಲ್ಲ ಅಂದರೆ ಪುಕ್ಕಟೆ ಅಂತಲ್ಲ, ಹಕ್ಕೆಲ್ಲ ಬರೆದವರದ್ದೇ ಅಂತ.

ಇನ್ನು ಊರು. ದೊಡ್ಡ ನಗರವನ್ನು ಎಲ್ಲರೂ ಬೈಯುತ್ತಾರೆ, ನಾನೂ ಬೈಯುತ್ತೇನೆ. ಗದ್ದಲ, ಬಾಡಿಗೆ, ಧೂಳು. ಆದರೂ ನಿನ್ನಂಥವರಿಗೆ ಅದರಿಂದ ಒಂದು ಲಾಭ ಇದೆ. ಮನೆ ಬದಲಿಸದೆ ಕೆಲಸ ಬದಲಿಸಬಹುದು. ಒಂದೇ ದೊಡ್ಡ ಕಂಪನಿ ಇರುವ ಜಾಗದಲ್ಲಿ ಕೆಲಸ ಬಿಟ್ಟರೆ ಮನೆ, ಗೆಳತಿಯರು ಎಲ್ಲ ಬಿಟ್ಟ ಹಾಗೆ, ಮ್ಯಾನೇಜರ್‌ಗೂ ಅದು ಗೊತ್ತಿರುತ್ತದೆ. ಆದ್ದರಿಂದ ಆಫೀಸಿನ ಗೇಟಿಗೆ ಅಂಟಿಕೊಂಡ ಹಾಗೆ ಮನೆ ಮಾಡಬೇಡ. ನಾಲ್ಕು ದಿಕ್ಕಿಗೂ ಬಸ್ಸೋ ರೈಲೋ ಸಿಗುವ ಕಡೆ ಮಾಡು. ಇಟಲಿಯ ಭೌತವಿಜ್ಞಾನಿ ಚೆಸಾರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಬರೆದಿದ್ದರು: ವಾಹನ ಎಷ್ಟೇ ವೇಗವಾದರೂ ಜನ ದಿನಕ್ಕೆ ಸುಮಾರು ಒಂದು ಗಂಟೆಯನ್ನೇ ಓಡಾಟಕ್ಕೆ ಇಡುತ್ತಾರೆ, ವೇಗ ಹೆಚ್ಚಾದರೆ ಮನೆ ಇನ್ನೂ ದೂರ ಹೋಗುತ್ತದೆ ಅಷ್ಟೇ. ಹೋಗಿ ಬರುವುದಕ್ಕೆ ಸೇರಿ ಒಂದು ಗಂಟೆ ಮೀರಿದರೆ ಬೇಡ ಅನ್ನು, ಬಾಡಿಗೆ ಎಷ್ಟೇ ಕಡಿಮೆ ಇರಲಿ.

ರಸ್ತೆಯ ಲೆಕ್ಕವೂ ಸರ್ವರ್‌ನ ಲೆಕ್ಕದ ಹಾಗೇ. ಕ್ಯೂ ಥಿಯರಿ, ಅಂದರೆ ಸರತಿಯಲ್ಲಿ ಕಾಯುವುದರ ಗಣಿತ, ಅದರ ಸರಳ ಲೆಕ್ಕದಲ್ಲಿ ಸರ್ವರ್ ಶೇಕಡಾ 80 ಹೊತ್ತು ಬಿಡುವಿಲ್ಲದೆ ಇದ್ದರೆ ಒಂದು ಕೆಲಸಕ್ಕೆ ಹಿಡಿಯುವ ಹೊತ್ತಿನ 4 ಪಟ್ಟು ಕಾಯಬೇಕು, 90ಕ್ಕೆ 9 ಪಟ್ಟು, 95ಕ್ಕೆ 19 ಪಟ್ಟು. ರಸ್ತೆಯಲ್ಲಿ ಇದೇ ಅಂಕಿ ಬರಲ್ಲ, ಆದರೆ ಏರುವ ರೀತಿ ಇದೇ. ಅರ್ಧ ಗಂಟೆ ಬೇಗ ಹೊರಟರೆ ಪ್ರಯಾಣ ಅರ್ಧಕ್ಕೆ ಇಳಿಯುವುದು ಅದಕ್ಕೇ. ನಿನ್ನ ಕ್ಯಾಲೆಂಡರ್‌ಗೂ ಹೀಗೇ, ಪೂರ್ತಿ ತುಂಬಿಸಲು ಬಿಡಬೇಡ.

ಮನೆ ನೋಡೋಕೆ ಭಾನುವಾರ ಹೋಗಬೇಡ, ಅವತ್ತು ಎಲ್ಲ ರಸ್ತೆಯೂ ಚೆನ್ನಾಗಿ ಕಾಣುತ್ತದೆ. ಸೋಮವಾರ ಬೆಳಿಗ್ಗೆ ಒಂಬತ್ತಕ್ಕೆ ಹೋಗು, ಫೋನ್ ಸಿಗ್ನಲ್ ನೋಡು, ಬಾಡಿಗೆ ಕರಾರಿನಲ್ಲಿ ನೋಟಿಸ್ ಅವಧಿ ಎಷ್ಟು ಅಂತ ಕೇಳು. ಆ ಕಾಗದವನ್ನೂ ನನಗೆ ಕಳಿಸು.

ಅಮ್ಮ