ಅಪ್ಪಯ್ಯನಿಗೆ, ಆ ಐನೂರರ ನೋಟಿನ ವಿಷಯ

ಡೆಲ್ಫ್ಟ್, ನೆದರ್ಲೆಂಡ್ಸ್, ಮೇ 18

ತೀರ್ಥರೂಪ ಅಪ್ಪಯ್ಯನಿಗೆ ನಿಮ್ಮ ಮಗಳು ಮಾಡುವ ನಮಸ್ಕಾರಗಳು. ನಾನು ಕ್ಷೇಮ.

ಬಾಳೆಗೊನೆ ಮಾರಿದ ದುಡ್ಡಿನಲ್ಲಿ ಒಂದು ನೋಟು ಖೋಟಾ ಬಂತು, ಬ್ಯಾಂಕಿನವರು ಸೀಲು ಹೊಡೆದು ಇಟ್ಟುಕೊಂಡರು ಎಂದು ಆಯಿ ಫೋನಿನಲ್ಲಿ ಹೇಳಿದಳು. ಐನೂರು ಹೋದರೆ ಹೋಗಲಿ, ಸಾಲಿನಲ್ಲಿದ್ದವರೆಲ್ಲ ನಿಮ್ಮನ್ನೇ ತಿರುಗಿ ನೋಡಿದರಂತಲ್ಲ, ಅದು ಎರಡು ದಿನ ನನ್ನನ್ನು ಕೊರೆಯಿತು.

ಏನು ಓದ್ತಾ ಇದ್ದೀಯೆ ಎಂದು ನೀವು ಕೇಳಿದಾಗಲೆಲ್ಲ ‘ಫಿಸಿಕ್ಸ್’ ಎಂದು ಹೇಳಿ ಮುಗಿಸುತ್ತಿದ್ದೆ. ನಾನು ಓದುತ್ತಿರುವುದು ಖೋಟಾ ಮಾಡಲಾಗದ ದುಡ್ಡಿನ ಬಗ್ಗೆ, ಅಪ್ಪಯ್ಯ.

1970ರ ಆಸುಪಾಸಿನಲ್ಲಿ ಸ್ಟೀಫನ್ ವೀಸ್ನರ್ ಎಂಬ ಭೌತವಿಜ್ಞಾನಿಗೆ ಹೊಳೆದದ್ದು ಇದು. ನೋಟಿನೊಳಗೆ ಬೆಳಕಿನ ಕಣಗಳನ್ನು ಕೂರಿಸುವುದು. ಒಂದು ನೆಟ್ಟಗೆ, ಒಂದು ಅಡ್ಡ, ಕೆಲವು ಎಡಕ್ಕೋ ಬಲಕ್ಕೋ ಓರೆ. ಯಾವುದು ಹೇಗಿದೆ ಎಂಬುದು ನೋಟಿನ ನಂಬರಿನ ಎದುರು ಬ್ಯಾಂಕಿನ ಪುಸ್ತಕದಲ್ಲಿ ಮಾತ್ರ ಇರುತ್ತದೆ. ನಕಲು ಮಾಡುವವನು ಮೊದಲು ಅದನ್ನು ನೋಡಬೇಕಲ್ಲ, ಅಲ್ಲಿಯೇ ಸಿಕ್ಕಿಬೀಳುತ್ತಾನೆ. ನೀವು ಚಾಲಿ ಅಡಿಕೆಯ ರಾಶಿಯಿಂದ ಒಂದನ್ನು ಎತ್ತಿ ಅಡಕತ್ತರಿಯಲ್ಲಿ ಕತ್ತರಿಸಿದರೆ ಒಳಗು ತಿಳಿಯುತ್ತದೆ, ಆದರೆ ಆ ಅಡಿಕೆ ಮತ್ತೆ ಇಡಿಯಾಗುವುದಿಲ್ಲ. ಇಲ್ಲಿ ಇನ್ನೂ ಬಿಗಿ. ನೆಟ್ಟಗಿನ ಕಣವನ್ನು ‘ಎಡ ಓರೆಯೋ ಬಲ ಓರೆಯೋ’ ಎಂದು ಪರೀಕ್ಷಿಸಿದರೆ ಒಳಗೂ ತಿಳಿಯುವುದಿಲ್ಲ, ಕಣವೂ ಕೆಡುತ್ತದೆ. ನೋಡದೆಯೇ ಪ್ರತಿ ತೆಗೆಯುವುದೂ ಸಾಧ್ಯವಿಲ್ಲ ಎಂದು 1982ರಲ್ಲಿ ಬೇರೆ ವಿಜ್ಞಾನಿಗಳು ಲೆಕ್ಕ ಹಾಕಿ ತೋರಿಸಿದರು. 100 ಕಣಗಳ ಒಂದು ನೋಟನ್ನು ಎರಡು ಮಾಡಿ ಬ್ಯಾಂಕು ದಾಟಿಸುವ ಸಾಧ್ಯತೆ ಸುಮಾರು ಮೂರು ಲಕ್ಷ ಕೋಟಿಗೆ ಒಂದು.

ವೀಸ್ನರ್ ಬರೆದದ್ದನ್ನು ಮೊದಲು ಅಚ್ಚು ಹಾಕಲೇ ಇಲ್ಲ, 1983ರವರೆಗೆ ಕಾಯಬೇಕಾಯಿತು. ಮುಂದೆ ಅವರು ಜೆರುಸಲೇಮಿನಲ್ಲಿ ಕಟ್ಟಡದ ಕೂಲಿ ಮಾಡಿಕೊಂಡಿದ್ದರಂತೆ. ಅದನ್ನು ಓದಿದ ದಿನ ಅಡಿಕೆ ಚೊಗರು ಹತ್ತಿದ ನಿಮ್ಮ ಬೆರಳುಗಳು ನೆನಪಾದವು.

ಫೋನಿನಲ್ಲಿ ಬರುವ ದುಡ್ಡು ಬ್ಯಾಂಕಿನ ಲೆಕ್ಕದೊಳಗಿನ ಅಂಕಿ. ಈ ಕಣಗಳ ನೋಟಾದರೆ ನಿಮ್ಮ ಬಳಿಯೇ ಇರುವ ದುಡ್ಡು. ಇನ್ನೂ ಬಳಕೆಗೆ ಬಂದಿಲ್ಲ, ಬೆಳಕಿನ ಕಣವನ್ನು ಕೆಡದ ಹಾಗೆ ಬಹಳ ಹೊತ್ತು ಹಿಡಿದಿಡುವುದು ಅಷ್ಟು ಕಷ್ಟ. ವೀಸ್ನರ್ ನೋಟನ್ನು ಪರೀಕ್ಷಿಸಲು ಬ್ಯಾಂಕಿಗೇ ಒಯ್ಯಬೇಕು, ಅದೂ ಒಂದು ಕೊರತೆ. ಯಾರು ಬೇಕಾದರೂ ಪರೀಕ್ಷಿಸಬಹುದಾದ ನೋಟಿಗೆ 2010ರಲ್ಲಿ ಕೆಲವರು ಹಗ್ಗದ ಗಂಟುಗಳ ಗಣಿತದಿಂದ ಒಂದು ದಾರಿ ತೋರಿಸಿದರು. ನನಗೆ ಹಟ ಹಿಡಿದಿರುವುದು ಅದರ ಮೇಲೆಯೇ. ಶಿರಸಿ ಸಂತೆಯಲ್ಲಿ, ಗೊನೆ ಇಳಿಸಿದ ಜಾಗದಲ್ಲೇ ನಿಂತು, ಈ ನೋಟು ಬೇಡ ಎಂದು ನೀವು ಕೊಟ್ಟವನ ಕೈಗೇ ವಾಪಸು ಕೊಡುವ ಹಾಗಾಗಬೇಕು.

ಮಳೆ ಹಿಡಿಯುವ ಮೊದಲು ಅಡಿಕೆಯ ಕೊಳೆರೋಗಕ್ಕೆ ಮದ್ದು ಹೊಡೆಸಿ. ಅಡಿಕೆ ಕೊನೆ ಕೊಯ್ಯುವ ಕೊನೆಗೌಡನ ಮುಂಗಡಕ್ಕೆಂದು ಕಳಿಸಿದ ದುಡ್ಡು ಖಾತೆಗೆ ಬಂತೇ? ಆಯಿಗೆ ನಮಸ್ಕಾರ ತಿಳಿಸಿ.

ನಿಮ್ಮ ಮಗಳು