ಡೀಟಾಕ್ಸ್ ಪುಡಿ ಕೇಳುವ ಮುನ್ನ

ಮಾನ್ಯರೇ,

ನಾನು ರಾಜಾಜಿನಗರದಲ್ಲಿ ಮೆಡಿಕಲ್ ಶಾಪ್ ನಡೆಸುವ ಫಾರ್ಮಸಿಸ್ಟ್. ಹೊಟ್ಟೆ ತೊಂದರೆ ಅಂತ ಬರುವವರು ಈಗೀಗ ಡಾಕ್ಟರ ಚೀಟಿ ಬದಲು ಮೊಬೈಲ್‌ನಲ್ಲಿ ರೀಲ್ಸ್ ತೋರಿಸುತ್ತಾರೆ. 'ಕರುಳಿಗೆ ಅಂಟಿರೋ ಹಳೇ ಕೊಳೆಯೆಲ್ಲ ಹೊರಗೆ ಬರುತ್ತಂತೆ ಸಾರ್, ಈ ಪುಡಿ ಇದ್ಯಾ?'

ಹಾಗೆ ವರ್ಷಗಟ್ಟಲೆ ಕೊಳೆ ಅಂಟಿಕೊಂಡು ಕೂರುವುದಿಲ್ಲ. ಕರುಳಿನ ಒಳಪದರವೇ ಕೆಲವು ದಿನಗಳಿಗೊಮ್ಮೆ ಹೊಸದಾಗುತ್ತಿರುತ್ತದೆ. ಇಂಥ ಡಬ್ಬಗಳ ಹಿಂದಿನ ಸಣ್ಣ ಅಕ್ಷರ ಓದಿ ನೋಡಿ. ಎಷ್ಟೋ ಪುಡಿಗಳಲ್ಲಿ ಇರುವುದು ಸೋನಾಮುಖಿ, ಅಂದರೆ ಭೇದಿ ಮಾಡಿಸುವ ಎಲೆ. ಮಲಬದ್ಧತೆಗೆ ಸ್ವಲ್ಪ ದಿನದ ಮಟ್ಟಿಗೆ ಅದು ಔಷಧವೇ. ಆದರೆ ಮರುದಿನ ತೂಕ ಇಳಿದಿದ್ದರೆ ಹೋಗಿರುವುದು ನೀರು ಮತ್ತು ಮಲ, ಕೊಬ್ಬಲ್ಲ. ತಿಂಗಳುಗಟ್ಟಲೆ ಕುಡಿದರೆ ಪೊಟ್ಯಾಸಿಯಂ ಇಳಿಯಬಹುದು. ಬಿಪಿಗೆಂದು ಮೂತ್ರ ಹೆಚ್ಚಿಸುವ ಮಾತ್ರೆ ನುಂಗುವ ಹಿರಿಯರಿಗೆ ಇದು ಇನ್ನೂ ಅಪಾಯ. ಇದನ್ನು ಯಾವ ರೀಲ್ಸೂ ಹೇಳುವುದಿಲ್ಲ.

ಪ್ರೊಬಯಾಟಿಕ್, ಅಂದರೆ ಆರೋಗ್ಯಕ್ಕೆ ಒಳ್ಳೆಯದೆಂದು ಸೇವಿಸುವ ಬ್ಯಾಕ್ಟೀರಿಯಾದಂಥ ಜೀವಂತ ಸೂಕ್ಷ್ಮಾಣುಗಳ ಕಥೆ ಬೇರೆ. ಅದು ಪೂರ್ತಿ ಸುಳ್ಳಲ್ಲ. ಆಂಟಿಬಯಾಟಿಕ್ ತೆಗೆದುಕೊಳ್ಳುವಾಗ ಬರುವ ಸಿ. ಡಿಫಿಸಿಲ್ ಎಂಬ ಸೋಂಕನ್ನು ತಡೆಯಲು ಕೆಲವು ತಳಿಗಳು ನೆರವಾಗಬಹುದು ಎಂದು ಅಮೆರಿಕದ ಜಠರ-ಕರುಳು ತಜ್ಞರ ಸಂಘ 2020ರ ಮಾರ್ಗಸೂಚಿಯಲ್ಲಿ ಹೇಳಿದೆ. ಹೆಚ್ಚಿನ ಹೊಟ್ಟೆ ಕಾಯಿಲೆಗಳಿಗೆ ಮಾತ್ರ ಸಾಕಷ್ಟು ಪುರಾವೆ ಇಲ್ಲ ಅಂತಲೂ ಅದೇ ಹೇಳಿದೆ. ಒಂದು ತಳಿ ಮಾಡಿದ ಕೆಲಸವನ್ನು ಇನ್ನೊಂದು ಮಾಡುತ್ತದೆ ಅನ್ನಲಾಗದು. 'ಯಾವುದೋ ಒಂದು ಪ್ರೊಬಯಾಟಿಕ್ ಕೊಡಿ' ಅಂದರೆ ನಾನು ಏನು ಕೊಡಲಿ?

ನಮ್ಮ ಇಡ್ಲಿಯೂ ಪ್ರೊಬಯಾಟಿಕ್ ಅನ್ನುವವರಿದ್ದಾರೆ. ಹುಳಿ ಬಂದ ಹಿಟ್ಟಿನಲ್ಲಿ ಬ್ಯಾಕ್ಟೀರಿಯಾ ಇರುವುದು ನಿಜ. ಹಬೆಯಲ್ಲಿ ಬೆಂದಾಗ ಅವು ಸಾಯುತ್ತವೆ. ಇಡ್ಲಿ ಒಳ್ಳೆಯ ತಿಂಡಿಯೇ, ಅದಕ್ಕೆ ಇಲ್ಲದ ಗುಣ ಯಾಕೆ ಅಂಟಿಸಬೇಕು? ಜೀವಂತ ಬ್ಯಾಕ್ಟೀರಿಯಾ ಬೇಕಿದ್ದರೆ ಮನೆಯ ಮೊಸರಿದೆ.

ಮಲಬದ್ಧತೆಗೆ ಒಳ್ಳೆಯ ಪುರಾವೆ ಇರುವ ಇಸಬ್‌ಗೋಲ್ ನನ್ನ ಅಂಗಡಿಯಲ್ಲಿ ಕಡಿಮೆ ಬೆಲೆಗೇ ಸಿಗುತ್ತದೆ. ಜಾಸ್ತಿ ನೀರಿನ ಜೊತೆ ತೆಗೆದುಕೊಳ್ಳಬೇಕು, ಅಷ್ಟೇ.

ನನಗೆ ನಿಜವಾಗಿ ಸಂಕಟವಾಗುವುದು ಬೇರೆ ವಿಷಯಕ್ಕೆ. ಮಲದಲ್ಲಿ ರಕ್ತ ಹೋಗುತ್ತಿದ್ದರೂ ಮೂಲವ್ಯಾಧಿ ಇರಬೇಕು ಅಂದುಕೊಂಡು ಪುಡಿ ಕುಡಿಯುತ್ತಾ ಕಾಲ ಕಳೆಯುವವರು ನನ್ನ ಕೌಂಟರ್‌ಗೂ ಬರುತ್ತಾರೆ. ಡಾಕ್ಟರ ಹತ್ತಿರ ಹೋಗಿ ಅಂತ ಬೇಡಿಕೊಳ್ಳುತ್ತೇನೆ. ಕೆಲವರು ಕೇಳುತ್ತಾರೆ, ಕೆಲವರು ಮುಂದಿನ ಅಂಗಡಿಗೆ ಹೋಗುತ್ತಾರೆ.

ನಿಮ್ಮ ಆರೋಗ್ಯ ಪುಟಕ್ಕೆ ನನ್ನ ಬೇಡಿಕೆ ಇಷ್ಟೇ. 'ಕರುಳಿಗೆ ಒಳ್ಳೆಯದು' ಅಂತ ಬರೆದಾಗಲೆಲ್ಲ ಯಾವ ಕಾಯಿಲೆಗೆ, ಪರೀಕ್ಷೆ ನಡೆದದ್ದು ಮನುಷ್ಯರ ಮೇಲೋ ಇಲಿಗಳ ಮೇಲೋ ಎಂಬುದನ್ನೂ ಬರೆಯಿರಿ. ರಕ್ತ ಹೋಗುವುದು, ಕಾರಣವಿಲ್ಲದೆ ತೂಕ ಇಳಿಯುವುದು, ರಕ್ತಹೀನತೆ ಇದ್ದರೆ ತಡಮಾಡದೆ ಡಾಕ್ಟರಿಗೆ ತೋರಿಸಿ ಅನ್ನುವ ಒಂದು ಸಾಲನ್ನು ಅದರ ಕೆಳಗೇ ದಪ್ಪ ಅಕ್ಷರದಲ್ಲಿ ಹಾಕಿ.

ಇಂತಿ,
ಒಬ್ಬ ಫಾರ್ಮಸಿಸ್ಟ್
ರಾಜಾಜಿನಗರ, ಬೆಂಗಳೂರು