ಪುಸ್ತಕಪಟ್ಟಿಯಲ್ಲಿ ಇನ್ನು 13 ಅಂಕಿಗಳ ಐಎಸ್‌ಬಿಎನ್ ಮಾತ್ರ

ಕಾಸರಗೋಡು

ಮಾನ್ಯ ಗ್ರಂಥಾಲಯ ಕಾರ್ಯದರ್ಶಿಗಳಿಗೆ, ಶಾಲಾ ಲೈಬ್ರರಿ ನೋಡಿಕೊಳ್ಳುವ ಅಧ್ಯಾಪಕರಿಗೆ ಮತ್ತು ಓದುಗರಿಗೆ ನಮಸ್ಕಾರಗಳು.

ಬರುವ ಏಪ್ರಿಲ್‌ನಿಂದ ನಮ್ಮ ಸಂಘದ ಪುಸ್ತಕಪಟ್ಟಿಯಲ್ಲೂ ಬಿಲ್ಲಿನಲ್ಲೂ 13 ಅಂಕಿಗಳ ಐಎಸ್‌ಬಿಎನ್ (ಪುಸ್ತಕವನ್ನು ಗುರುತಿಸುವ ಅಂತರರಾಷ್ಟ್ರೀಯ ಸಂಖ್ಯೆ) ಮಾತ್ರ ಇರುತ್ತದೆ. 10 ಅಂಕಿಗಳ ಕಾಲಂ ತೆಗೆದಿದ್ದೇವೆ.

13 ಅಂಕಿಗಳ ಕ್ರಮ ಜಾರಿಗೆ ಬಂದದ್ದು 2007ರ ಜನವರಿ 1ಕ್ಕೆ. ಅದಕ್ಕಿಂತ ಹಿಂದಿನ ಪ್ರತಿಗಳು ಕಪಾಟಿನಲ್ಲಿ ಬಹಳ ಇದ್ದುದರಿಂದ ಇಷ್ಟು ದಿನ ಎರಡನ್ನೂ ಅಚ್ಚು ಹಾಕುತ್ತಿದ್ದೆವು. ಈಗ 979ರಿಂದ ಶುರುವಾಗುವ ಪುಸ್ತಕಗಳು ಬರತೊಡಗಿವೆ. ಅಮೆರಿಕದ ಹೊಸ ಇಂಗ್ಲಿಷ್ ಪುಸ್ತಕಗಳಲ್ಲಿ 979-8 ಕಾಣುತ್ತದೆ. ಇವಕ್ಕೆ 10 ಅಂಕಿಗಳ ರೂಪವೇ ಇಲ್ಲ. ಕಾಲಂ ಖಾಲಿ ಕಂಡಾಗ ಮೊದಲ ಮೂರಂಕಿ ಕತ್ತರಿಸಿ ತುಂಬಿಸುವ ಅಭ್ಯಾಸ ಕೆಲವರಲ್ಲಿದೆ, ಆ ಸಂಖ್ಯೆ ಯಾವ ಪುಸ್ತಕಕ್ಕೂ ಸೇರಿದ್ದಲ್ಲ.

ಇದಕ್ಕಿಂತ ಹೆಚ್ಚಾಗಿ ಆಗುವ ತಪ್ಪು ಇನ್ನೊಂದು: ಹಳೆಯ ಸಂಖ್ಯೆಯ ಮೊದಲಿಗೆ ಸುಮ್ಮನೆ 978 ಅಂಟಿಸುವುದು. ಕೊನೆಯ ಅಂಕಿ ತಾಳೆ ನೋಡುವ ಅಂಕಿ. ಎರಡು ಕ್ರಮಗಳಲ್ಲಿ ಅದರ ಲೆಕ್ಕ ಬೇರೆ ಬೇರೆ, ಹಾಗಾಗಿ ಅದನ್ನು ಹೊಸದಾಗಿ ತೆಗೆಯಲೇಬೇಕು. ಲೆಕ್ಕ ತೋರಿಸಲು 8123456786 ಎಂಬ ಸಂಖ್ಯೆ ತೆಗೆದುಕೊಳ್ಳಿ. ಕೊನೆಯ 6 ಬಿಡಿ, ಮೊದಲಿಗೆ 978 ಇಡಿ: 978812345678. ಎಡದಿಂದ 1, 3, 5ನೇ ಹೀಗೆ ಬೆಸಸ್ಥಾನದ ಅಂಕಿಗಳನ್ನು ಕೂಡಿದರೆ 33. ಸಮಸ್ಥಾನದವು ಕೂಡಿದರೆ 35, ಅದರ ಮೂರರಷ್ಟು 105. ಒಟ್ಟು 138. ಮುಂದಿನ ಹತ್ತರ ಮಗ್ಗಿಯ ಸಂಖ್ಯೆ 140ಕ್ಕೆ ಬೇಕಾದ್ದು 2, ಅದೇ ಕೊನೆಯ ಅಂಕಿ: 9788123456782. ಮೊತ್ತವೇ ಹತ್ತರಿಂದ ಭಾಗವಾದರೆ ಕೊನೆಯ ಅಂಕಿ 0. ಹಳೆಯ ಸಂಖ್ಯೆ ಎಕ್ಸ್ ಅಕ್ಷರದಲ್ಲಿ ಮುಗಿದಿದ್ದರೂ ಇದೇ ಕ್ರಮ. ಹಳೆಯ ಲೆಕ್ಕ ಹನ್ನೊಂದರ ಭಾಗಾಕಾರದ್ದು, ಅಲ್ಲಿ ಹತ್ತು ಬಂದಾಗ ಎಕ್ಸ್ ಬರೆಯುತ್ತಿದ್ದರು. 13 ಅಂಕಿಯಲ್ಲಿ ಎಕ್ಸ್ ಬರುವ ಪ್ರಶ್ನೆಯೇ ಇಲ್ಲ. ಕಂಡರೆ ಅದು ಕೈತಪ್ಪು.

ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಇಡುವವರು ದಯವಿಟ್ಟು ಗಮನಿಸಿ. ಮೊದಲು ಖಾಲಿ ಕಾಲಂ ಆರಿಸಿ ಫಾರ್ಮ್ಯಾಟನ್ನು 'ಟೆಕ್ಸ್ಟ್' ಮಾಡಿ, ಆಮೇಲೆ ಸಂಖ್ಯೆ ತುಂಬಿಸಿ. ನಾವು ಕಳಿಸುವ ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆದರೆ 9.78812E+12 ಎಂದು ಕಾಣುತ್ತದೆ. ಅಷ್ಟಕ್ಕೇ ಕೆಟ್ಟಿಲ್ಲ, ಆದರೆ ಹಾಗೆಯೇ ಸಿಎಸ್‌ವಿ ಆಗಿ ಸೇವ್ ಮಾಡಿದರೆ ಉಳಿದ ಅಂಕಿಗಳು ಹೋದಂತೆಯೇ, ನಮ್ಮಿಂದ ಫೈಲ್ ಮತ್ತೆ ತರಿಸಿಕೊಳ್ಳಬೇಕಾದೀತು. ಹಳೆಯ ಇಂಗ್ಲಿಷ್ ಪುಸ್ತಕಗಳ ಸಂಖ್ಯೆ 9 ಅಂಕಿ ಮಾತ್ರ ಕಂಡರೆ ಮೊದಲಿನ ಸೊನ್ನೆಯನ್ನು ಎಕ್ಸೆಲ್ ನುಂಗಿದೆ ಎಂದರ್ಥ. ಸೊನ್ನೆ ಸೇರಿಸಿದ ಮೇಲೆಯೇ ಬದಲಾಯಿಸಿ. ೯೭೮ ಎಂದು ಕನ್ನಡ ಅಂಕಿಗಳಲ್ಲಿ ಟೈಪ್ ಮಾಡಿದರೆ ನಮ್ಮ ಹುಡುಕಾಟಕ್ಕೆ ಸಿಗುವುದಿಲ್ಲ. ಅಡ್ಡಗೆರೆ ಹಾಕಬೇಕೆಂದಿಲ್ಲ.

ಬಾರ್‌ಕೋಡ್ ಸ್ಕ್ಯಾನರ್ ಇರುವಲ್ಲಿ 978 ಅಥವಾ 979ರಿಂದ ಶುರುವಾಗುವುದನ್ನು ಮಾತ್ರ ಓದಿಸಿ. 890ರಿಂದ ಶುರುವಾಗುವುದು ಅಂಗಡಿ ಸಾಮಾನಿನ ಸಂಕೇತ, ಐಎಸ್‌ಬಿಎನ್ ಅಲ್ಲ. 18 ಅಂಕಿ ಬಂದರೆ ಪಕ್ಕದಲ್ಲಿರುವ ಬೆಲೆಯ 5 ಅಂಕಿಗಳ ಚಿಕ್ಕ ಕೋಡೂ ಸೇರಿಕೊಂಡಿದೆ.

ಕೋಹಾ ಎಂಬ ಗ್ರಂಥಾಲಯ ತಂತ್ರಾಂಶ ಬಳಸುವ ಗ್ರಂಥಾಲಯಗಳು ಐಎಸ್‌ಬಿಎನ್ ಬರೆಯುವ 020ನೇ ಫೀಲ್ಡಿನ ಹಳೆಯ ಸಂಖ್ಯೆ ಅಳಿಸುವುದು ಬೇಡ. ಆ ಫೀಲ್ಡನ್ನು ಇನ್ನೊಮ್ಮೆ ಸೇರಿಸಿ ಹೊಸದನ್ನು ಬರೆಯಿರಿ. ಎರಡರಲ್ಲಿ ಯಾವುದನ್ನು ಹುಡುಕಿದರೂ ಪುಸ್ತಕ ಸಿಗಬೇಕು.

ಭಾರತದ ಪ್ರಕಾಶನಗಳ ಸಂಖ್ಯೆಯಲ್ಲಿ 978ರ ನಂತರ ಸಾಮಾನ್ಯವಾಗಿ 81 ಅಥವಾ 93 ಇರುತ್ತದೆ. ಕನ್ನಡ, ಮಲಯಾಳಂ ಎಂಬ ಭೇದ ಅದರಲ್ಲಿಲ್ಲ, ಆದ್ದರಿಂದ ಸಂಖ್ಯೆ ನೋಡಿ ಭಾಷೆ ಊಹಿಸಬೇಡಿ. ಒಂದೇ ಪುಸ್ತಕದ ಗಟ್ಟಿ ರಟ್ಟಿನ ಪ್ರತಿಗೂ ಸಾದಾ ಪ್ರತಿಗೂ ಬೇರೆ ಸಂಖ್ಯೆ. ಬರೇ ಮರುಮುದ್ರಣವಾದರೆ ಸಂಖ್ಯೆ ಹಳೆಯದೇ. ಸಂಪುಟಗಳಿಗೆ ಇಡೀ ಸೆಟ್ಟಿನದೊಂದು, ಬಿಡಿ ಸಂಪುಟದ್ದೊಂದು ಇರಬಹುದು. ನಿಮಗೆ ಯಾವುದು ಬೇಕೆಂದು ಆರ್ಡರಿನಲ್ಲಿ ಬರೆಯಿರಿ.

ಸಂಖ್ಯೆಯೇ ಇಲ್ಲದ ಪುಸ್ತಕಗಳೂ ನಮ್ಮಲ್ಲಿ ಕಡಿಮೆಯಿಲ್ಲ. ಐಎಸ್‌ಬಿಎನ್ ಅಂತರರಾಷ್ಟ್ರೀಯ ಮಾನಕವಾದದ್ದು 1970ರಲ್ಲಿ. ಮಂಜೇಶ್ವರದ ಗೋವಿಂದ ಪೈಗಳು ತೀರಿಹೋದದ್ದು 1963ರಲ್ಲಿ. ಅವರ ಕಾಲದಲ್ಲಿ ಅಚ್ಚಾದ ಪ್ರತಿಯಲ್ಲಿ ಅದನ್ನು ಹುಡುಕಿ ಫಲವಿಲ್ಲ. ಇಂಥವಕ್ಕೆ ಅಕ್ಷರದಿಂದ ಶುರುವಾಗುವ ನಮ್ಮದೇ ಕೋಡ್ ಮುಂದುವರಿಯುತ್ತದೆ. ಕಾಲಂ ತುಂಬಿಸಬೇಕೆಂದು ಯಾವುದೋ 13 ಅಂಕಿ ಹಾಕಬೇಡಿ, ಖಾಲಿ ಬಿಟ್ಟರೆ ನಮಗೇನೂ ತೊಂದರೆಯಿಲ್ಲ.

ಹಳೆಯ ಸಂಖ್ಯೆ ಬರೆದ ಆರ್ಡರನ್ನೂ ತೆಗೆದುಕೊಳ್ಳುತ್ತೇವೆ. ಜೊತೆಗೆ ಪುಸ್ತಕದ ಹೆಸರು, ಪ್ರಕಾಶನ, ಮುದ್ರಣದ ವರ್ಷ ಇರಲಿ. ನಿಮ್ಮ ಪಟ್ಟಿಯ ಎಕ್ಸೆಲ್ ಫೈಲ್ ಕಳಿಸಿದರೆ ಸಂಖ್ಯೆಗಳನ್ನು ಬದಲಾಯಿಸಿ ಮರಳಿಸುತ್ತೇವೆ, ಅದಕ್ಕೆ ಹಣವಿಲ್ಲ. ತಾಳೆಯಾಗದ ಸಾಲುಗಳಿಗೆ ಹಳದಿ ಬಣ್ಣ ಹಾಕಿರುತ್ತೇವೆ. ಆ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಹಿಂಬದಿಯ ಅಥವಾ ಶೀರ್ಷಿಕೆ ಪುಟದ ಹಿಂದಿನ ಸಂಖ್ಯೆ ನೋಡಿ ತಿಳಿಸಿ.

ಇತಿ,
ಪುಸ್ತಕ ವಿಭಾಗ
ಓದುಗರ ಸಹಕಾರಿ ಸಂಘ